ಜಿಂಕೆ ರಕ್ತ ‘ಪಾಸಿಟಿವ್’ ಬಂತು ಅಂದ್ರೆ ಏನರ್ಥ? ತಾಳವಾಡಿ, ಹಾಸನೂರು, ಬರಗೂರು ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮನೆ ಇರೋದು ತಾಳವಾಡಿ ಸೀಮೇಲಿ, ಈರೋಡ್ ಜಿಲ್ಲೆ. ಮನೇಲಿ ಆಡೋದು ಕನ್ನಡ, ಸರ್ಕಾರಿ ಕಾಗದ ಬರೋದು ತಮಿಳಲ್ಲಿ. ರಾಗಿ ಹೊಲದ ಬೇಲಿ ಮುಗಿದ್ರೆ ಸತ್ಯಮಂಗಲ ಹುಲಿ ಕಾಡು, ಆ ಕಡೆ ಬಿಳಿಗಿರಿ ಬೆಟ್ಟದ ಕಾಡು, ಜಿಂಕೆಗೆ ಸ್ಟೇಟ್ ಬಾರ್ಡರ್ ಗೊತ್ತಿಲ್ಲ. ದನಗಳ ಲಸಿಕೆ ಕ್ಯಾಂಪಲ್ಲಿ ಡಾಕ್ಟ್ರ ಜೊತೆ ಹಗ್ಗ ಹಿಡ್ಕೊಂಡು, ರಿಜಿಸ್ಟರ್ ಬರ್ಕೊಂಡು ಎಷ್ಟೋ ವರ್ಷ ಓಡಾಡಿದ್ದೀನಿ, ಅದಕ್ಕೇ ಜನ ನನ್ನ ಕಂಡ್ರೆ ದನದ ಜೊತೆಗೆ ಜಿಂಕೆ ವಿಚಾರನೂ ಕೇಳ್ತಾರೆ. ಕೇಳಿದವನ್ನೇ ಮತ್ತೆ ಮತ್ತೆ ಕೇಳ್ತಾರೆ, ಅದಕ್ಕೆ ಎಲ್ಲಾನೂ ಒಂದೇ ಕಡೆ ಬರೆದು ಇಡ್ತಿದ್ದೀನಿ. ನಾನು ಡಾಕ್ಟರ್ ಅಲ್ಲ, ಆದ್ರೆ ಡಾಕ್ಟ್ರುಗಳ ಹತ್ರ ಕೇಳಿ ಕೇಳಿ, ಓದಿ ಓದಿ ತಿಳ್ಕೊಂಡಿದ್ದನ್ನೇ ಬರೆದಿದ್ದೀನಿ.

ಜಿಂಕೆ ರಕ್ತ ಟೆಸ್ಟ್ ಮಾಡಿದ್ರಂತೆ, ಪಾಸಿಟಿವ್ ಬಂತಂತೆ. ಹಂಗಾದ್ರೆ ಕಾಡಿನ ಜಿಂಕೆಗೆಲ್ಲ ಕಾಯಿಲೆನಾ?

ಇಲ್ಲ. ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ಸುಲಭ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ದನಕ್ಕೂ ಜಿಂಕೆಗೂ ಬರೋ ಬ್ಯಾಕ್ಟೀರಿಯಾ ರೋಗಗಳಿಗೆ ಮಾಡೋ ಇಂಥ ಟೆಸ್ಟುಗಳಲ್ಲಿ ಹೆಚ್ಚಿನವು ಹುಡುಕೋದು ರೋಗಾಣುನ ಅಲ್ಲ, ರೋಗಾಣು ಬಂದಾಗ ಅದರ ಮೇಲೆ ಹೋರಾಡೋಕೆ ಮೈ ತಯಾರು ಮಾಡ್ಕೊಂಡ ಆಂಟಿಬಾಡಿನ. ಚಿಕ್ಕ ವಯಸ್ಸಲ್ಲಿ ಸೀತಾಳೆ ಸಿಡುಬು ಆಗಿದ್ದವರ ರಕ್ತ ಈಗ ತೆಗೆದು ನೋಡಿದ್ರೂ ಅದರ ಆಂಟಿಬಾಡಿ ಸಿಗುತ್ತೆ, ಹಂಗಂತ ಅವ್ರಿಗೆ ಈಗ ಸಿಡುಬು ಇದೆ ಅಂತಲ್ಲ. ಜಿಂಕೇದೂ ಹಂಗೆ. ಪಾಸಿಟಿವ್ ಅಂದ್ರೆ ‘ಯಾವಾಗ್ಲೋ ಒಂದ್ಸಲ ಈ ಬ್ಯಾಕ್ಟೀರಿಯಾ ಈ ಪ್ರಾಣಿ ಮೈಗೆ ಸೋಕಿದೆ’ ಅಂತ. ಇದಕ್ಕೇ ಎಕ್ಸ್‌ಪೋಷರ್ ಅನ್ನೋದು. ಸೋಕಿ, ಒದ್ದಾಡಿ, ಗೆದ್ದು, ಈಗ ಆರಾಮಾಗಿ ಹುಲ್ಲು ಮೇಯ್ತಿರೋ ಜಿಂಕೆನೂ ಪಾಸಿಟಿವ್ವೇ. ಈಗ ನಿಜವಾಗ್ಲೂ ಕಾಯಿಲೆ ಇದ್ಯಾ, ಇನ್ನೊಬ್ಬರಿಗೆ ಹರಡ್ತಿದ್ಯಾ ಅಂತ ತಿಳೀಬೇಕು ಅಂದ್ರೆ ರೋಗಾಣುನೇ ಲ್ಯಾಬಲ್ಲಿ ಬೆಳೆಸಿ ನೋಡ್ಬೇಕು, ಇಲ್ಲಾ ರೋಗಾಣುವಿನ ಜೀನ್ ಹುಡುಕೋ ಪಿಸಿಆರ್ ಟೆಸ್ಟ್ ಮಾಡ್ಬೇಕು.

ಉಲ್ಟಾನೂ ನಿಜ, ಇದನ್ನ ಬಹಳ ಜನ ಯೋಚ್ನೆ ಮಾಡಲ್ಲ. ನೆರಡಿ, ಅಂದ್ರೆ ಆಂಥ್ರಾಕ್ಸ್ ಥರದ ರೋಗ ಬಂದ್ರೆ ಜಿಂಕೆ ಎರಡು ಮೂರು ದಿನದಲ್ಲಿ ಹೋಗ್ಬಿಡುತ್ತೆ, ಆಂಟಿಬಾಡಿ ಮಾಡ್ಕೊಳ್ಳೋಕೆ ಟೈಮೇ ಇರಲ್ಲ. ಬದುಕಿರೋ ನೂರು ಜಿಂಕೆ ರಕ್ತ ನೋಡಿ ಎಲ್ಲಾ ನೆಗೆಟಿವ್ ಬಂದ್ರೆ ‘ಆ ರೋಗ ಇಲ್ಲಿ ಬಂದೇ ಇಲ್ಲ’ ಅಂತಲೂ ಇರಬಹುದು, ‘ಬಂದಿದ್ದವೆಲ್ಲ ಸತ್ತು ಹೋದ್ವು’ ಅಂತಲೂ ಇರಬಹುದು. ಅದಕ್ಕೆ ಪಾಸಿಟಿವ್ ಜಾಸ್ತಿ ಇದೆ ಅಂದ ತಕ್ಷಣ ಹೆದರೋದೂ ತಪ್ಪು, ಕಮ್ಮಿ ಇದೆ ಅಂತ ಸುಮ್ನೆ ಕೂರೋದೂ ತಪ್ಪು.

ಕಾಡು ಜಿಂಕೆ ರಕ್ತ ಹೆಂಗೆ ತೆಗೀತಾರೆ?

ಅದೇ ದೊಡ್ಡ ಕಷ್ಟ. ದನ ಆದ್ರೆ ಗೂಟಕ್ಕೆ ಕಟ್ಟಿ ಕುತ್ತಿಗೆ ನರದಲ್ಲಿ ತೆಗೀಬೋದು. ಜಿಂಕೇನ ಅಟ್ಟಿಸ್ಕೊಂಡು ಹೋಗಿ ಹಿಡಿದ್ರೆ ಹಿಡಿದಿದ್ದೇ ಅದಕ್ಕೆ ಸಾವು ತರಬಹುದು, ಗಾಬರಿಗೆ, ಓಟಕ್ಕೆ ಮೈಯ ಮಾಂಸಖಂಡಗಳೇ ಒಡೆದು ಹಾಳಾಗಿ ಕೆಲವು ಗಂಟೆ ಅಥವಾ ಕೆಲವು ದಿನ ಬಿಟ್ಟು ಸತ್ತುಹೋಗ್ತವೆ, ಕ್ಯಾಪ್ಚರ್ ಮಯೋಪತಿ ಅಂತಾರೆ ಇದನ್ನ. ಚುಕ್ಕೆ ಜಿಂಕೆ ಈ ವಿಷಯದಲ್ಲಿ ತುಂಬಾ ಸೂಕ್ಷ್ಮ. ದಯವಿಟ್ಟು ಬಾವಿಗೆ ಬಿದ್ದ ಜಿಂಕೇನ ಊರವರೇ ಸೇರ್ಕೊಂಡು ಕೂಗಾಡಿ ಎಳೆದಾಡಬೇಡಿ, ಕಣ್ಣಿಗೆ ಬಟ್ಟೆ ಕಟ್ಟೋದು, ಸುತ್ತ ಸದ್ದಿಲ್ಲದ ಹಾಗೆ ನೋಡ್ಕೊಳ್ಳೋದು ಎಷ್ಟೋ ಜೀವ ಉಳಿಸುತ್ತೆ.

ಅದಕ್ಕೇ ಸ್ಯಾಂಪಲ್ ಸಿಗೋದೆಲ್ಲ ಬೇರೆ ಕಾರಣಕ್ಕೆ ಕೈಗೆ ಸಿಕ್ಕಿದ ಪ್ರಾಣಿಗಳಿಂದ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ ಹಿಡಿದವು, ನಾಯಿ ಕಚ್ಚಿ ಬಂದವು, ರೋಡಲ್ಲಿ ಗಾಡಿಗೆ ಸಿಕ್ಕವು, ಝೂ ಜಿಂಕೆಗಳು. ಇವು ಇಡೀ ಕಾಡಿನ ಲೆಕ್ಕ ಆಗಲ್ಲ. ಊರ ಪಕ್ಕ ಓಡಾಡೋ ಜಿಂಕೆನೇ ಗಾಡಿಗೆ, ನಾಯಿಗೆ ಜಾಸ್ತಿ ಸಿಗೋದು, ಅದೇ ಜಿಂಕೆನೇ ದನ ಮೇಯೋ ಜಾಗದಲ್ಲಿ ಮೇಯೋದು. ಹಂಗಾಗಿ ಪೇಪರಲ್ಲಿ ‘ಜಿಂಕೆಗಳಲ್ಲಿ ಇಷ್ಟು ಪರ್ಸೆಂಟ್’ ಅಂತ ಕಂಡ್ರೆ ಮೊದ್ಲು ಕೇಳ್ಬೇಕಾದ್ದು ಎಷ್ಟು ಜಿಂಕೆ, ಎಲ್ಲಿಂದ ತಂದಿದ್ದು ಅಂತ.

ದನಕ್ಕೆ ಮಾಡೋ ಟೆಸ್ಟೇ ಜಿಂಕೆಗೂ ಮಾಡ್ತಾರಾ? ಸರಿಯಾಗಿ ಬರುತ್ತಾ?

ಮಾಡ್ತಾರೆ, ಬೇರೆ ದಾರಿ ಕಮ್ಮಿ. ಬ್ರೂಸೆಲ್ಲಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋ ಕಂದು ಹಾಕೋ ರೋಗಕ್ಕೆ (ಗಬ್ಬದ ದನ ದಿನ ತುಂಬೋ ಮುಂಚೆ ಕರು ಹಾಕಿಬಿಡೋ ರೋಗ) ರೋಸ್ ಬೆಂಗಾಲ್ ಅಂತ ಗುಲಾಬಿ ಬಣ್ಣದ ದ್ರವ, ಪ್ಲೇಟ್ ಮೇಲೆ ಒಂದು ಹನಿ ಅದು, ಒಂದು ಹನಿ ಸೀರಮ್ (ರಕ್ತ ಹೆಪ್ಪುಗಟ್ಟಿದ್ಮೇಲೆ ಉಳಿಯೋ ತಿಳಿ ನೀರು), ಅಲ್ಲಾಡಿಸಿದ್ರೆ ಪಾಸಿಟಿವ್ ಆದ್ರೆ ಮೊಸರು ಒಡೆದ ಹಾಗೆ ಗಂಟು ಗಂಟಾಗುತ್ತೆ, ನಾಲ್ಕು ನಿಮಿಷದ ಕೆಲಸ. ಒಳ್ಳೇದು, ಚೀಪು. ಆದ್ರೆ ಯೆರ್ಸಿನಿಯಾ ಅಂತ ಇನ್ನೊಂದು ಬ್ಯಾಕ್ಟೀರಿಯಾದ ಒಂದು ಜಾತಿ ಇದೆ, ಅದರ ಹೊರಮೈ ಬ್ರೂಸೆಲ್ಲಾ ಹೊರಮೈ ಥರನೇ ಇರೋದ್ರಿಂದ ಅದು ಸೋಕಿದ ಪ್ರಾಣಿನೂ ಈ ಟೆಸ್ಟಲ್ಲಿ ಪಾಸಿಟಿವ್ ತೋರಿಸಬಹುದು. ಅದಕ್ಕೆ ಇನ್ನೊಂದು ಥರದ ಟೆಸ್ಟ್ ಮಾಡಿ ಖಾತ್ರಿ ಮಾಡ್ಕೋತಾರೆ. ಎಲೈಜಾ ಅನ್ನೋ ಇನ್ನೊಂದು ಆಂಟಿಬಾಡಿ ಟೆಸ್ಟಿನ ಕಿಟ್ಟುಗಳಲ್ಲಿ ತುಂಬಾವು ದನದ ಆಂಟಿಬಾಡಿಗೆ ಅಂಟೋ ಹಾಗೆ ಮಾಡಿರೋವು, ಜಿಂಕೆದಕ್ಕೆ ಅಷ್ಟೇ ಚೆನ್ನಾಗಿ ಅಂಟುತ್ತೆ ಅಂತ ಗ್ಯಾರಂಟಿ ಇಲ್ಲ. ಇಲಿ ಜ್ವರಕ್ಕೆ ಮಾಡೋ ಟೆಸ್ಟಲ್ಲಿ ಜೀವಂತ ರೋಗಾಣುಗಳನ್ನ ಸೀರಮ್ ಜೊತೆ ಬೆರೆಸಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಸೀರಮ್ಮಿಗೆ ನೂರು ಪಾಲು ನೀರು ಬೆರೆಸಿ ತೆಳು ಮಾಡಿದ್ಮೇಲೂ ರೋಗಾಣುಗಳು ಒಂದಕ್ಕೊಂದು ಅಂಟ್ಕೊಂಡ್ರೆ ಎಕ್ಸ್‌ಪೋಷರ್ ಇದೆ ಅಂತ ಸಾಮಾನ್ಯವಾಗಿ ಲೆಕ್ಕ. ಆದ್ರೆ ಲ್ಯಾಬಲ್ಲಿ ಯಾವ ಯಾವ ತಳಿ ಇಟ್ಕೊಂಡಿದ್ದಾರೋ ಅದಕ್ಕಷ್ಟೇ ಉತ್ತರ ಸಿಗೋದು.

ಜಿಂಕೆ, ಕಡವೆಗಳಲ್ಲಿ ಹುಡುಕೋ ಬ್ಯಾಕ್ಟೀರಿಯಾ ರೋಗಗಳು ಯಾವ್ಯಾವು? ಹೆಸರುಗಳೇ ಗೊಂದಲ ಆಗ್ತವೆ.

ನಿಮಗಷ್ಟೇ ಅಲ್ಲ, ಎರಡು ಭಾಷೆ ಮಧ್ಯೆ ಇರೋ ನಮಗೆಲ್ಲ ಇದು ತಲೆನೋವು, ಮತ್ತೆ ಇದು ಬರೀ ಭಾಷೆ ಸಮಸ್ಯೆ ಅಲ್ಲ, ಜೀವದ ಸಮಸ್ಯೆ. ನೋಡಿ, ಆಂಥ್ರಾಕ್ಸ್‌ಗೆ ಕನ್ನಡದಲ್ಲಿ ನೆರಡಿ ಅಂತೀವಿ, ತಮಿಳಲ್ಲಿ ಅಡೈಪ್ಪಾನ್. ನಾವು ಗಳಲೆ ಅನ್ನೋ ಗಂಟಲು ಊದೋ ರೋಗಕ್ಕೆ ತಮಿಳಲ್ಲಿ ತೊಂಡೈ ಅಡೈಪ್ಪಾನ್. ಫೋನಲ್ಲಿ ‘ಅಡೈಪ್ಪಾನ್ ಬಂದಿದೆ’ ಅಂತಷ್ಟೇ ಹೇಳಿದ್ರೆ ಯಾವುದು ಅಂತ ಗೊತ್ತಾಗಲ್ಲ. ಗಳಲೆ ಬಂದು ಸತ್ತ ದನಕ್ಕೂ ನೆರಡಿ ಬಂದು ಸತ್ತ ದನಕ್ಕೂ ನಾವು ನಡ್ಕೊಳ್ಳೋ ರೀತಿ ಒಂದೇ ಅಲ್ಲ, ನೆರಡಿ ಹೆಣ ಕೊಯ್ದವನಿಗೇ ರೋಗ ಅಂಟುತ್ತೆ. ಅದಕ್ಕೆ ಹೆಸರು ಬಿಟ್ಟು ಲಕ್ಷಣ ಹೇಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ: ಗಂಟಲು ಊದಿತ್ತಾ, ಮೂಗಲ್ಲಿ ಕರೀ ರಕ್ತ ಬಂತಾ, ಕಾಲು ಎಳೀತಿತ್ತಾ. ಕಾಲು ಎಳೆಯೋ ಚಪ್ಪೆ ರೋಗ ಒಂದೇ ನೋಡಿ ಪುಣ್ಯಕ್ಕೆ ಎರಡೂ ಭಾಷೇಲಿ ಹತ್ತಿರ, ತಮಿಳಲ್ಲಿ ಸಪ್ಪೈ.

ಇವು ಬಿಟ್ರೆ ಇಲಿ ಜ್ವರ ಅಂದ್ರೆ ಲೆಪ್ಟೋಸ್ಪೈರಾ, ಕಂದು ಹಾಕೋ ರೋಗ ಅಂದ್ರೆ ಬ್ರೂಸೆಲ್ಲಾ, ಕ್ಷಯ, ಭೇದಿ ಆಗಿ ಆಗಿ ಎಲುಬು ಕಾಣೋ ಹಾಗೆ ಒಣಗಿಸೋ ಜೋನ್ಸ್ ರೋಗ, ದನ, ಆಡು, ಕುರಿಗಳಿಂದ ಜನಕ್ಕೂ ಬರೋ ಕ್ಯೂ ಜ್ವರ. ಕ್ಷಯದ ವಿಷಯದಲ್ಲಿ ಒಂದು ಮಾತು. ದನದ ಕ್ಷಯ ಅಂದ್ರೆ ಮೈಕೋಬ್ಯಾಕ್ಟೀರಿಯಂ ಬೋವಿಸ್ ಅಂತ ನಾವೆಲ್ಲ ಓದಿದ್ವಿ, ಆದ್ರೆ ಇತ್ತೀಚೆಗೆ ಇಂಡಿಯಾದ ದನಗಳಲ್ಲಿ ಮೈಕೋಬ್ಯಾಕ್ಟೀರಿಯಂ ಓರಿಜಿಸ್ ಅನ್ನೋ ಇನ್ನೊಂದು ಹೆಚ್ಚಾಗಿ ಸಿಗ್ತಿದೆ, ಚೆನ್ನೈ ಭಾಗದ ಗೊರಸಿನ ಕಾಡುಪ್ರಾಣಿಗಳಲ್ಲೂ ಅದು ಸಿಕ್ಕಿದೆ.

ಕಾಲುಬಾಯಿ ಜ್ವರ, ಮಂಗನ ಕಾಯಿಲೆ ಇವು ವೈರಸ್, ಇಲ್ಲಿನ ಲೆಕ್ಕಕ್ಕೆ ಬರಲ್ಲ. ಅಮೇರಿಕಾದಲ್ಲಿ ‘ಜೋಂಬಿ ಜಿಂಕೆ’ ಅಂತ ವಾಟ್ಸಾಪಲ್ಲಿ ಬರೋ ವಿಡಿಯೋ ಬ್ಯಾಕ್ಟೀರಿಯಾನೂ ಅಲ್ಲ ವೈರಸ್ಸೂ ಅಲ್ಲ, ಅದೊಂದು ಕೆಟ್ಟ ಪ್ರೋಟೀನ್ ರೋಗ. ದಯವಿಟ್ಟು ಅದನ್ನ ಹಾಸನೂರ್ ರೋಡಿನ ಜಿಂಕೆ ಫೋಟೋ ಜೊತೆ ಸೇರಿಸಿ ಫಾರ್ವರ್ಡ್ ಮಾಡ್ಬೇಡಿ.

ಯಾರಿಂದ ಯಾರಿಗೆ ಬರೋದು? ಜಿಂಕೆಯಿಂದ ನಮ್ ದನಕ್ಕಾ?

ಎಲ್ಲರೂ ಕೇಳೋದು ಹಿಂಗೇ, ಜಿಂಕೇನೇ ಮೊದ್ಲು ನಿಲ್ಲಿಸಿ. ಎರಡು ಕಡೆಗೂ ಹೋಗಬಹುದು. ಆದ್ರೆ ನಮ್ಮ ಬೆಟ್ಟದ ಸೀಮೆಯ ಹಳೇ ಕಥೆ ನೋಡಿದ್ರೆ ದನದಿಂದ ಕಾಡಿಗೆ ಹೋದ ಕಹಿ ನೆನಪು ದೊಡ್ಡದು. 1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳ ಕಾಟಿಗಳು, ಅಂದ್ರೆ ಕಾಡುಕೋಣಗಳು, ರಿಂಡರ್‌ಪೆಸ್ಟ್ ಬಂದು ಲೆಕ್ಕ ಇಲ್ಲದಷ್ಟು ಸತ್ತವು. ಅದು ವೈರಸ್, ದನದ ರೋಗ. ಆಮೇಲೆ ದನಗಳಿಗೆ ಲಸಿಕೆ ಹಾಕಿ ಹಾಕಿ, 2011ರಲ್ಲಿ ಇಡೀ ಪ್ರಪಂಚದಿಂದಲೇ ಆ ರೋಗ ಹೋಯ್ತು ಅಂತ ಘೋಷಣೆ ಆಯ್ತು, ಕಾಡಲ್ಲೂ ನಿಂತೋಯ್ತು. ಕಾಟಿಗೆ ಯಾರೂ ಸೂಜಿ ಚುಚ್ಚಲಿಲ್ಲ. ದನಕ್ಕೆ ಹಾಕಿದ ಲಸಿಕೆ ಕಾಡನ್ನ ಕಾಪಾಡ್ತು. ನಾನು ಕ್ಯಾಂಪಲ್ಲಿ ‘ನಮ್ ದನ ಚೆನ್ನಾಗೇ ಇದೆ, ಸೂಜಿ ಬೇಡ, ಹಾಲು ಕಮ್ಮಿ ಆಗುತ್ತೆ’ ಅನ್ನೋವ್ರಿಗೆ ಹೇಳೋದು ಇದೇ ಕಥೆ.

ಬರಗೂರು ಬೆಟ್ಟದ ಕೆಂಪು ದನಗಳು, ಮೈಮೇಲೆ ಬಿಳೀ ಮಚ್ಚೆ, ತಲೆತಲಾಂತರದಿಂದ ಕಾಡಲ್ಲೇ ದೊಡ್ಡಿ ಹಾಕಿ ಮೇಯಿಸ್ಕೊಂಡು ಬಂದ ತಳಿ. ಆ ದನ ಸಾಕೋ ನಮ್ ಕನ್ನಡದ ಜನಾನ ‘ರೋಗ ತಂದವರು’ ಅಂತ ಬೆರಳು ತೋರ್ಸೋದು ನನಗೆ ಸರಿ ಕಾಣಲ್ಲ. ಅವರಷ್ಟು ಕಾಡು ತಿಳಿದವರು ಕಮ್ಮಿ. ರೋಗ ಸಾಗೋದು ಜಾತಿ, ತಳಿ ನೋಡಿ ಅಲ್ಲ, ಒಂದೇ ಹೊಂಡದ ನೀರು, ಒಂದೇ ಉಪ್ಪು ನೆಕ್ಕೋ ಜಾಗ, ಒಂದೇ ಬಯಲಿನ ಹುಲ್ಲು ಇದ್ದಾಗ. ಬೇಸಿಗೇಲಿ ಹಳ್ಳ ಬತ್ತಿ ಒಂದೇ ಹೊಂಡ ಉಳಿದಾಗ ಹಗಲು ದನ, ರಾತ್ರಿ ಜಿಂಕೆ, ಕಡವೆ, ಹಂದಿ ಎಲ್ಲಾ ಅಲ್ಲಿಗೇ. ಕಂದು ಹಾಕಿದ ದನದ ಮಾಸು ಆ ಹೊಂಡದ ಪಕ್ಕ ಬಿದ್ದಿದ್ರೆ ಅಷ್ಟು ಸಾಕು.

ನಮ್ಮಮ್ಮಂಗೆ ಬ್ರೂಸೆಲ್ಲಾ ಅಂದ್ರು. ಕಾಡಿಂದ ಬಂತಾ?

ಈ ಪ್ರಶ್ನೆ ಬೇರೆಯವರದಲ್ಲ, ನಮ್ಮನೇದೇ. ಆರು ತಿಂಗಳ ಗಬ್ಬದ ಹಸು ಕಂದು ಹಾಕ್ತು, ಮಾಸು ಬೀಳಲಿಲ್ಲ, ಅಮ್ಮ ಬರೀಕೈಲಿ ತೆಗೆದ್ಲು, ನಮ್ಮಜ್ಜಿನೂ ಹಂಗೇ ಮಾಡ್ತಿದ್ಲು. ಸುಮಾರು ಒಂದು ತಿಂಗಳಿಗೆ ಜ್ವರ ಶುರು. ಸಂಜೆ ಏರೋದು, ರಾತ್ರಿ ಬೆವರಿ ಹಾಸಿಗೆ ನೆನೆಯೋದು, ಬೆಳಗ್ಗೆ ಇಲ್ಲ, ಸೊಂಟ ಹಿಡ್ಕೊಂಡು ಏಳೋಕಾಗ್ತಿರಲಿಲ್ಲ. ಒಂದು ಆಸ್ಪತ್ರೇಲಿ ಟೈಫಾಯ್ಡ್ ಅಂದ್ರು, ಮಾತ್ರೆ ಕೊಟ್ರು, ಬಿಟ್ಟು ಮತ್ತೆ ಬಂತು, ಮತ್ತೆ ಅದೇ. ಮೂರು ತಿಂಗಳು ಹಂಗೇ ಹೋಯ್ತು. ಕೊನೆಗೆ ಬೇರೆ ಕಡೆ ಒಬ್ಬ ಡಾಕ್ಟರಮ್ಮ ‘ಮನೇಲಿ ದನ ಇದ್ಯಾ, ಕಂದು ಹಾಕಿದ್ವಾ’ ಅಂತ ಕೇಳಿದ್ರು. ಅಷ್ಟು ದಿನ ಯಾರೂ ಆ ಒಂದು ಮಾತು ಕೇಳಿರಲಿಲ್ಲ. ಆರು ವಾರ ಎರಡು ಥರ ಮಾತ್ರೆ ಬಿಡದೆ ನುಂಗಿಸಿದ್ಮೇಲೆ ಅಮ್ಮ ಮತ್ತೆ ಹಟ್ಟಿಗೆ ಬಂದ್ಲು.

ಅಕ್ಕಪಕ್ಕದವರೆಲ್ಲ ‘ಜಿಂಕೆ ಹೊಲಕ್ಕೆ ಬತ್ತವಲ್ಲ, ಅದರಿಂದಲೇ’ ಅಂದ್ರು. ಜಿಂಕೆ ಹೊಲಕ್ಕೆ ಬಂದಿದ್ದು ನಿಜ, ಆದ್ರೆ ಅಮ್ಮ ಜಿಂಕೆ ಮುಟ್ಟಿರಲಿಲ್ಲ, ಹಸು ಮುಟ್ಟಿದ್ಲು. ಮನುಷ್ಯರಿಗೆ ಬ್ರೂಸೆಲ್ಲಾ ಬರೋ ದಾರಿ ಹೆಚ್ಚಾಗಿ ಎರಡೇ, ಕಂದು ಹಾಕಿದಾಗ ಬರೀಕೈಲಿ ಮುಟ್ಟೋದು, ಹಸಿ ಹಾಲು ಕುಡಿಯೋದು. ಕಾಯಿಸಿದ್ರೆ ಹಾಲಿಂದ ಬರಲ್ಲ. ಕೈಗೆ ಉದ್ದನೇ ಪ್ಲಾಸ್ಟಿಕ್ ಗ್ಲೌಸ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಡಾಕ್ಟ್ರನ್ನ ಕರೆಸಿ. ಮಾಸು, ಸತ್ತ ಕರು ನಾಯಿ ಎಳೀದ ಹಾಗೆ ಆಳವಾಗಿ ಹೂಳಿ. ಜ್ವರ ಅಂತ ಆಸ್ಪತ್ರೆಗೆ ಹೋದ್ರೆ ಅವರು ಕೇಳದಿದ್ರೂ ‘ನಮ್ಮನೇಲಿ ದನ ಇದೆ’ ಅಂತ ನೀವೇ ಹೇಳಿ. ಇದನ್ನ ನಾನು ಕೈಮುಗಿದು ಕೇಳ್ಕೋತೀನಿ.

ಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಇದ್ಯಾ?

ಇದೆ, ಫ್ರೀ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಹಾಕ್ತಾರೆ. ಗಂಡು ಕರುಗೆ, ಗಬ್ಬದ ಹಸುಗೆ ಹಾಕಲ್ಲ. ಇದು ಜೀವ ಇರೋ ಲಸಿಕೆ, ಹಾಕೋವ್ರ ಕೈಗೆ ಸೂಜಿ ಚುಚ್ಚಿದ್ರೆ ಅವರಿಗೇ ರೋಗ ಬರಬಹುದು, ಅದಕ್ಕೇ ಕರುನ ಭದ್ರವಾಗಿ ಹಿಡ್ಕೊಡಿ, ‘ಬೇಗ ಹಾಕಿ ಸಾರ್’ ಅಂತ ಅವಸರ ಮಾಡ್ಬೇಡಿ. ಕರು ಹುಟ್ಟಿದ ತಿಂಗಳನ್ನ ಗೋಡೆ ಮೇಲೆ ಇದ್ದಲಲ್ಲಾದ್ರೂ ಬರೆದಿಡಿ. ಕ್ಯಾಂಪಿನ ದಿನ ‘ಐದಾಯ್ತೋ ಒಂಬತ್ತಾಯ್ತೋ’ ಅಂತ ತಲೆ ಕೆರ್ಕೊಂಡು ಎಷ್ಟೋ ಕರು ತಪ್ಪಿಹೋಗ್ತವೆ.

ಇಲಿ ಜ್ವರಕ್ಕೂ ಜಿಂಕೆಗೂ ಏನ್ ಸಂಬಂಧ?

ಹೆಸರು ಇಲಿದು, ಆದ್ರೆ ಲೆಪ್ಟೋಸ್ಪೈರಾ ದನ, ಹಂದಿ, ನಾಯಿ, ಜಿಂಕೆ ಎಲ್ಲದರ ಮೂತ್ರಪಿಂಡದಲ್ಲೂ ಇರಬಹುದು, ಮೂತ್ರದಲ್ಲಿ ಹೊರಗೆ ಬರುತ್ತೆ, ಒದ್ದೆ ಮಣ್ಣಲ್ಲಿ, ನಿಂತ ನೀರಲ್ಲಿ ವಾರಗಟ್ಟಲೆ ಬದುಕುತ್ತೆ. ಒಣಗಿದ್ರೆ ಸಾಯುತ್ತೆ. ಅದಕ್ಕೇ ಮಳೆ ಬಿದ್ದು ಹೊಲದ ಗುಂಡಿ ತುಂಬಿದಾಗ ಜಾಸ್ತಿ. ಜಿಂಕೆಗಳಲ್ಲಿ ಆಂಟಿಬಾಡಿ ಸಿಗೋದು ಹೊಸದೇನಲ್ಲ, ಎಷ್ಟೋ ದೇಶದಲ್ಲಿ ಸಿಕ್ಕಿದೆ, ಹೆಚ್ಚಿನವು ಏನೂ ಆಗದ ಹಾಗೆ ಓಡಾಡ್ಕೊಂಡಿರ್ತವೆ. ನಮಗೆ ಮುಖ್ಯ ಏನಂದ್ರೆ ಜಿಂಕೆ ಪಾಸಿಟಿವ್ ಅಂದ್ರೆ ಆ ನೀರು, ಆ ಮಣ್ಣು ಬಗ್ಗೆ ನಮಗೊಂದು ಸುದ್ದಿ ಸಿಕ್ಕಿದ ಹಾಗೆ. ಕಾಲಲ್ಲಿ ಗಾಯ, ಒಡೆದ ಹಿಮ್ಮಡಿ ಇದ್ರೆ ಗಂಬೂಟ್ ಹಾಕ್ದೆ ಕೆಸರಿಗೆ ಇಳೀಬೇಡಿ. ಮೀನಖಂಡ ಹಿಂಡೋ ಹಾಗೆ ನೋವು, ಕಣ್ಣು ಕೆಂಪು, ಜ್ವರ ಮೂರೂ ಒಟ್ಟಿಗೆ ಬಂದ್ರೆ ಮಾತ್ರೆ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಿ. ಬೇಗ ಹೋದ್ರೆ ಸಾಮಾನ್ಯ ಆಂಟಿಬಯಾಟಿಕ್ಕೇ ಸಾಕಾಗುತ್ತೆ, ತಡ ಮಾಡಿದ್ರೆ ಕಿಡ್ನಿ, ಲಿವರ್‌ಗೆ ಹೋಗುತ್ತೆ.

ಹೊಲದ ಪಕ್ಕ ಜಿಂಕೆ ಸತ್ತು ಬಿದ್ದಿದೆ. ಏನ್ ಮಾಡ್ಲಿ?

ಮುಟ್ಟಬೇಡಿ. ತಿರುಗಿಸಬೇಡಿ, ಕೊಂಬು ಕೀಳ್ಬೇಡಿ, ಕೋಲಲ್ಲಿ ಹೊಟ್ಟೆ ಚುಚ್ಚಿ ನೋಡ್ಬೇಡಿ. ನಾಯಿ ಕಟ್ಟಿಹಾಕಿ, ಆ ಕಡೆ ದನ ಬಿಡ್ಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ನೆರಡಿ. ಗಟ್ಟಿಮುಟ್ಟಾಗಿದ್ದ ಪ್ರಾಣಿ ಇದ್ದಕ್ಕಿದ್ದ ಹಾಗೆ ಸತ್ತಿರುತ್ತೆ, ಹೊಟ್ಟೆ ಬೇಗ ಉಬ್ಬುತ್ತೆ, ಮೈ ಸೆಟ್ಕೊಳ್ಳಲ್ಲ, ಮೂಗು, ಬಾಯಿ, ಹಿಂದುಗಡೆಯಿಂದ ಹೆಪ್ಪುಗಟ್ಟದ ಕರೀ ರಕ್ತ ಸೋರ್ತಿರುತ್ತೆ. ಮೈ ಮುಚ್ಚಿರೋವರೆಗೂ ಒಳಗಿನ ರೋಗಾಣು ಕೊಳೆತಕ್ಕೆ ಸಿಕ್ಕಿ ಹೆಚ್ಚಿನವು ಸಾಯ್ತವೆ, ಕೊಯ್ದು ಗಾಳಿ ತಾಗಿಸಿದ್ರೆ ಅವು ಬೀಜಕ ಅಂತ ಗಟ್ಟಿ ಕವಚ ಹಾಕ್ಕೊಂಡು ಮಣ್ಣಲ್ಲಿ ಹತ್ತಾರು ವರ್ಷ ಕೂತ್ಕೋತವೆ. ರಾಬರ್ಟ್ ಕಾಖ್ 1876ರಲ್ಲೇ ಈ ಬೀಜಕದ ವಿಷಯ ತೋರಿಸಿಕೊಟ್ಟಿದ್ರು. ಅದಕ್ಕೇ ಅನುಮಾನ ಇದ್ರೆ ಡಾಕ್ಟ್ರುಗಳೂ ಪೋಸ್ಟ್‌ಮಾರ್ಟಂ ಮಾಡಲ್ಲ, ಕಿವಿ ತುದಿಯಿಂದ ಒಂದು ಹನಿ ರಕ್ತ ತಗೊಂಡು ಸ್ಲೈಡ್ ಮೇಲೆ ಬಳಿದು ನೋಡ್ತಾರೆ.

ಬೀಜಕ ಎಷ್ಟು ತಾಳ್ಮೆಯಿಂದ ಕಾಯುತ್ತೆ ಅನ್ನೋಕೆ ಸೈಬೀರಿಯಾದ ಯಮಾಲ್ ಸಾಕು. 2016ರ ಬೇಸಿಗೇಲಿ ಅಲ್ಲಿ ಎಂದೂ ಕಾಣದ ಬಿಸಿಲು, ಮಂಜು ಕಟ್ಟಿದ್ದ ನೆಲ ಕರಗ್ತು, ದಶಕಗಳಿಂದ ಕಾಣದಿದ್ದ ರೋಗ ಎದ್ದು ಎರಡು ಸಾವಿರಕ್ಕೂ ಜಾಸ್ತಿ ಹಿಮಸಾರಂಗ ಸತ್ತವು, 12 ವರ್ಷದ ಒಂದು ಹುಡುಗನೂ ಹೋದ. ಹತ್ತಿರದ್ದು ಬೇಕು ಅಂದ್ರೆ ಕೇರಳದ ಅತಿರಪ್ಪಿಳ್ಳಿ, 2022ರ ಜೂನಲ್ಲಿ ಕಾಡುಹಂದಿಗಳು ಸತ್ತು ಆಂಥ್ರಾಕ್ಸ್ ಅಂತ ಖಚಿತ ಆಯ್ತು, ಹೂಳೋಕೆ ಹೋದವರನ್ನೂ ನಿಗಾದಲ್ಲಿ ಇಟ್ರು.

ಹೂಳೋದಾದ್ರೆ ಕನಿಷ್ಠ ಆರಡಿ ಆಳ, ನೀರಿಂದ ದೂರ. ಸುಡೋದು ಅದಕ್ಕಿಂತ ಒಳ್ಳೇದು. ಮೇಲೆ ಒಂದು ಚೀಲ ಸುಣ್ಣ ಸುರಿದ್ರೆ ಎಲ್ಲಾ ಸರಿ ಹೋಯ್ತು ಅನ್ನೋ ನಂಬಿಕೆ ನಮ್ ಕಡೆ ಗಟ್ಟಿಯಾಗಿದೆ, ನೆರಡಿ ಬೀಜಕಕ್ಕೆ ಸುಣ್ಣ ನಂಬೋ ಹಾಗಿಲ್ಲ. ಮತ್ತೆ ಈ ಕೆಲಸ ಇಲಾಖೆಯವರೇ ಮಾಡ್ಬೇಕು, ನೀವಲ್ಲ. ಹೆಣ ಮುಟ್ಟಿದವರ ಚರ್ಮದಲ್ಲಿ ನೋವಿಲ್ಲದ, ನಡುವೆ ಕರೀ ಹಕ್ಕಳೆ ಇರೋ ಹುಣ್ಣು ಎದ್ದರೆ ಆಸ್ಪತ್ರೆಗೆ ಓಡಿ, ಬೇಗ ಹೋದ್ರೆ ವಾಸಿ ಆಗುತ್ತೆ.

ಹಂಗಾದ್ರೆ ಕಾಡಲ್ಲಿ ಸತ್ತ ಪ್ರಾಣಿನೆಲ್ಲ ಸುಟ್ಟುಬಿಡ್ಬೇಕಾ?

ಬೇಡ ಬೇಡ. ಮೋಯಾರ್ ಕಣಿವೇಲಿ ರಣಹದ್ದು ಇನ್ನೂ ಉಳ್ಕೊಂಡಿವೆ ಅಂದ್ರೆ ಕಾಡಿನ ಹೆಣ ಕಾಡಿಗೇ ಸಿಗೋದ್ರಿಂದ. ಹುಲಿ ತಿಂದು ಬಿಟ್ಟ ಕಡವೆ, ಮುಪ್ಪಾಗಿ ಸತ್ತ ಜಿಂಕೆ ಇವನ್ನ ಅವು ಒಂದು ಗಂಟೇಲಿ ಮೂಳೆ ಬಿಟ್ಟು ಕ್ಲೀನ್ ಮಾಡ್ತವೆ, ಅವುಗಳ ಹೊಟ್ಟೆ ಆಮ್ಲಕ್ಕೆ ಹೆಚ್ಚಿನ ರೋಗಾಣು ಉಳಿಯಲ್ಲ. ರಣಹದ್ದು ಕಮ್ಮಿ ಆದ ಕಡೆ ಆ ಹೆಣಕ್ಕೆ ಬರೋದು ನಾಯಿ, ನಾಯಿ ಊರಿಗೆ ವಾಪಸ್ ಬರುತ್ತೆ. ರಣಹದ್ದಿಗೆ ವಿಷ ಆಗಿದ್ದು ದನಕ್ಕೆ ಹಾಕಿದ ನೋವಿನ ಇಂಜೆಕ್ಷನ್ ಡೈಕ್ಲೋಫೆನಾಕ್, 2006ರಲ್ಲಿ ದನಕ್ಕೆ ಹಾಕೋದು ಬ್ಯಾನ್ ಆಯ್ತು, 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ. ಮನುಷ್ಯರ ಮೆಡಿಕಲ್ ಶಾಪಿಂದ ತಂದು ದನಕ್ಕೆ ಹಾಕ್ಬೇಡಿ, ಮೆಲೋಕ್ಸಿಕ್ಯಾಮ್ ಕೇಳಿ. ಸುಡೋದು, ಹೂಳೋದು ಅನುಮಾನದ ಸಾವಿಗೆ ಮಾತ್ರ.

ಕಡವೆ ಕುತ್ತಿಗೇಲಿ ಕೂದಲಿಲ್ಲದ ಕೆಂಪು ಹುಣ್ಣು, ಜಿಂಕೆ ಕೊಂಬಿಂದ ರಕ್ತ ಸೋರ್ತಿತ್ತು. ರೋಗನಾ?

ಎರಡೂ ಅಲ್ಲ, ನೆಮ್ಮದಿಯಾಗಿರಿ. ಕಡವೆ ಗಂಟಲ ಕೆಳಗೆ ಕೂದಲು ಉದುರಿ ಹಸಿ ಗಾಯದ ಹಾಗೆ ಕಾಣೋ ಜಾಗ ಎಷ್ಟೋ ಪ್ರಾಣಿಗಳಲ್ಲಿ ಇರುತ್ತೆ, ಬೆದೆ ಕಾಲದಲ್ಲಿ ಎದ್ದು ಕಾಣುತ್ತೆ, ಸೋಲಿಗರ ಹಿರಿಯರನ್ನ ಕೇಳಿ, ಅವರಿಗೆ ಇದೇನೂ ಹೊಸದಲ್ಲ. ಜಿಂಕೆ ಕೊಂಬು ವರ್ಷಕ್ಕೊಂದ್ಸಲ ಉದುರಿ ಹೊಸದು ಬರುತ್ತೆ, ಬೆಳೆಯೋವಾಗ ಮೇಲೆ ರಕ್ತನಾಳ ತುಂಬಿದ ಮೆತ್ತನೆ ಚರ್ಮ ಇರುತ್ತೆ, ಬಲಿತ ಮೇಲೆ ಅದು ಹರಿದು ನೇತಾಡುತ್ತೆ, ಮರಕ್ಕೆ ಉಜ್ಜಿ ಕಿತ್ತು ಹಾಕುತ್ತೆ, ರಕ್ತ ಬರೋದು ಸಹಜ. ಫೋಟೋ ತೆಗೀರಿ, ಖುಷಿಪಡಿ.

ಉಣ್ಣೆ ಕಚ್ಚಿದ್ರೆ ಲೈಮ್ ರೋಗ ಬರುತ್ತಂತಲ್ಲ, ಜಿಂಕೆಯಿಂದ?

ನೆಟ್ಟಲ್ಲಿ ಜಿಂಕೆ ಅಂತ ಹೊಡೆದ್ರೆ ಮೊದ್ಲು ಸಿಗೋದೇ ಇದು. ಅಮೇರಿಕಾದ ಕನೆಕ್ಟಿಕಟ್‌ನ ಲೈಮ್ ಊರಿನ ಹೆಸರು ಅದು, 1970ರ ದಶಕದಲ್ಲಿ ಅಲ್ಲಿ ಗೊತ್ತಾಗಿದ್ದು. ಅಲ್ಲೂ ಜಿಂಕೆ ಉಣ್ಣೆಗೆ ಊಟ ಹಾಕೋ ಪ್ರಾಣಿ ಅಷ್ಟೇ, ಆ ಬ್ಯಾಕ್ಟೀರಿಯಾನ ಉಣ್ಣೆಗೆ ದಾಟಿಸೋದು ಮುಖ್ಯವಾಗಿ ಇಲಿಗಳು, ಜಿಂಕೆ ಮೈಯಲ್ಲಿ ಅದು ಉಳಿಯೋದೇ ಕಷ್ಟ. ನಮ್ ಸೀಮೇಲಿ ನೀವು ತಲೆ ಕೆಡಿಸ್ಕೋಬೇಕಾದ್ದು ಸ್ಕ್ರಬ್ ಟೈಫಸ್ ಅನ್ನೋ ಜ್ವರಕ್ಕೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮರಿ ಕಚ್ಚಿ ಬರೋದು, ಪೊದೆ, ಹುಲ್ಲು, ಇಲಿ ಇರೋ ಕಡೆ. ಬೀಡಿಯಿಂದ ಸುಟ್ಟ ಹಾಗೆ ಕರೀ ಕಲೆ ಕಂಕುಳಲ್ಲೋ ತೊಡೆಸಂದಿಲೋ ಇರುತ್ತೆ. ಸೌದೆಗೆ ಹೋಗಿ ಬಂದವರು ಸ್ನಾನ ಮಾಡುವಾಗ ನೋಡ್ಕೊಳ್ಳಿ.

ರೋಡ್ ಪಕ್ಕ ಬರೋ ಜಿಂಕೆಗೆ ಬಿಸ್ಕತ್ತು, ತರಕಾರಿ ಹಾಕಿದ್ರೆ ಪುಣ್ಯ ಅಲ್ವಾ?

ದಿಂಬಂ ಘಾಟ್ ಹತ್ತಿ ಬಂದು ಹಾಸನೂರ್ ದಾಟೋ ಕಾರುಗಳಲ್ಲಿ ಇದನ್ನ ನೋಡ್ತಾನೇ ಇರ್ತೀನಿ, ಮನಸ್ಸು ಒಳ್ಳೇದೇ, ಕೆಲಸ ತಪ್ಪು. ಅಮೇರಿಕಾದ ಮಿಷಿಗನ್ ಅಲ್ಲಿ ಬಿಳಿ ಬಾಲದ ಜಿಂಕೆಗಳಿಗೆ ಚಳಿಗಾಲದಲ್ಲಿ ಗಾಡಿಗಟ್ಟಲೆ ಕ್ಯಾರೆಟ್, ಬೀಟ್ರೂಟ್, ಜೋಳ ಸುರಿಯೋ ರೂಢಿ ಇತ್ತು. ಸುಮ್ನೆ ಚದುರಿ ಮೇಯೋ ಪ್ರಾಣಿಗಳು ಒಂದೇ ರಾಶಿಗೆ ಮೂತಿ ಇಟ್ಟವು. 1994ರಿಂದ ಅಲ್ಲಿ ಕಾಡು ಜಿಂಕೆಗಳಲ್ಲಿ ದನದ ಕ್ಷಯ ನೆಲೆ ನಿಂತಿರೋದು ಗೊತ್ತಾಯ್ತು, ಅಲ್ಲಿಂದ ತಿರುಗಿ ದನದ ಫಾರಂಗಳಿಗೂ ಬಂತು, ಮೇವು ಸುರಿಯೋದು ನಿಷೇಧ ಮಾಡಿದ್ರು, ಇನ್ನೂ ಪೂರ್ತಿ ಹೋಗಿಲ್ಲ. ಒಂದ್ಸಲ ಕಾಡಲ್ಲಿ ನೆಲೆ ನಿಂತ ಕ್ಷಯನ ತೆಗೆಯೋದು ಎಷ್ಟು ಕಷ್ಟ ನೋಡಿ. ನಮ್ ಕಾಡಿನ ಜಿಂಕೆ ಚದುರಿ ಮೇಯ್ಲಿ.

ಒಂದೇ ಸಲ ತುಂಬಾ ಜಿಂಕೆ ಸತ್ರೆ ಹೊರಗಿಂದ ರೋಗ ಬಂತು ಅಂತಾನಾ?

ಯಾವಾಗ್ಲೂ ಅಲ್ಲ. 2015ರ ಮೇ ತಿಂಗಳಲ್ಲಿ ಕಝಾಕಿಸ್ತಾನದಲ್ಲಿ ಸೈಗಾ ಅನ್ನೋ ಹುಲ್ಲೆಗಳು ಮೂರೇ ವಾರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸತ್ತವು, ಪ್ರಪಂಚದಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಕೊಂದಿದ್ದು ಪಾಶ್ಚುರೆಲ್ಲಾ, ಅಂದ್ರೆ ನಮ್ ಗಳಲೆ ರೋಗದ ಬ್ಯಾಕ್ಟೀರಿಯಾನೇ. ಅದು ಎಲ್ಲಿಂದಲೋ ಬಂದಿದ್ದಲ್ಲ, ಅವುಗಳ ಗಂಟಲಲ್ಲೇ ಸುಮ್ನೆ ಇತ್ತು ಅಂತ ತಿಳಿದವರು ಹೇಳೋದು, ಆ ವರ್ಷ ಶೆಕೆ, ತೇವ ಎರಡೂ ವಿಪರೀತ ಆಗಿ ಒಮ್ಮೆಗೇ ತಿರುಗಿಬಿತ್ತು. ಎಕ್ಸ್‌ಪೋಷರ್ ಮತ್ತು ಕಾಯಿಲೆ ಬೇರೆ ಬೇರೆ ಅಂತ ಮೇಲೆ ಬರೆದ್ನಲ್ಲ, ಅದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ನಮ್ಮಲ್ಲೂ ಗಳಲೆ ಮಳೆಗಾಲ ಶುರುವಾಗೋ ಹೊತ್ತಿಗೇ ಬರೋದು, ಅದಕ್ಕೆ ಲಸಿಕೆ ಮಳೆಗೆ ಮುಂಚೆ ಹಾಕಿಸಬೇಕು, ಮೊದಲ ಮಳೆ ಬಿದ್ಮೇಲೆ ಓಡಿ ಬಂದ್ರೆ ತಡ.

ಪಾಸಿಟಿವ್ ಜಿಂಕೆನೆಲ್ಲ ಕೊಂದುಬಿಟ್ರೆ? ಇಲ್ಲಾ ಲಸಿಕೆ ಹಾಕಿದ್ರೆ?

ಕೊಲ್ಲೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಉಪಯೋಗನೂ ಇಲ್ಲ, ಪಾಸಿಟಿವ್ ಅಂದ್ರೆ ರೋಗ ಇದೆ ಅಂತಲೇ ಅಲ್ವಲ್ಲ. ಮಂದೆ ಚದುರಿದ್ರೆ ರೋಗ ಇನ್ನೂ ದೂರ ಹೋಗುತ್ತೆ. ಲಸಿಕೆ ಹಾಕೋಕೆ ಹಿಡೀಬೇಕು, ಹಿಡಿದ್ರೆ ಸಾಯಬಹುದು. ಕೈಗೆ ಸಿಗೋದು ನಮ್ ದನ, ಅದಕ್ಕೆ ಹಾಕೋಣ.

ಜಿಂಕೆ ಮಾಂಸ ಚೆನ್ನಾಗಿ ಬೇಯಿಸಿದ್ರೆ?

ಬೇಡ. ಕಾಯ್ದೆ ಒಂದು ಕಡೆ ಇರಲಿ, ಅಪಾಯ ಇರೋದು ತಟ್ಟೇಲಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ ಕೊಯ್ಯೋ ಕೈಯಲ್ಲಿ. ಕೊಯ್ಯೋದು ಯಾರೋ ಬಡವ, ತಿನ್ನೋದು ಇನ್ನೊಬ್ಬ.

ಯಾರಿಗೆ ಫೋನ್ ಮಾಡ್ಬೇಕು? ತಮಿಳು ಸರಿಯಾಗಿ ಬರಲ್ಲ.

ದನಕ್ಕೆ ಕಾಯಿಲೆ ಆದ್ರೆ 1962, ಪಶು ಆಂಬುಲೆನ್ಸ್. ಜನಕ್ಕೆ 108. ಕಾಡುಪ್ರಾಣಿ ಸತ್ತಿದ್ರೆ ನಿಮ್ಮ ರೇಂಜ್ ಆಫೀಸು, ಇಲ್ಲಾ ಬೀಟ್ ಗಾರ್ಡು, ನಂಬರ್ ಇವತ್ತೇ ಕೇಳಿ ಇಸ್ಕೊಂಡು ಫೋನಲ್ಲಿ ಸೇವ್ ಮಾಡಿ. ಗಾರ್ಡುಗಳಲ್ಲಿ, ವಾಚರುಗಳಲ್ಲಿ ನಮ್ ಊರಿನ ಹುಡುಗರೇ ತುಂಬಾ ಜನ ಇದ್ದಾರೆ, ಕನ್ನಡದಲ್ಲೇ ಮಾತಾಡಿ. ಹೇಳ್ಬೇಕಾದ್ದು ಇಷ್ಟು: ಜಾಗ, ಯಾವ ಪ್ರಾಣಿ, ಎಷ್ಟು, ಯಾವಾಗ ಕಂಡಿದ್ದು, ಮೂಗಲ್ಲಿ ಬಾಯಲ್ಲಿ ರಕ್ತ ಇದ್ಯಾ, ಹತ್ರ ದನ ನೀರು ಕುಡಿಯೋ ಜಾಗ ಇದ್ಯಾ. ಫೋಟೋ ದೂರದಿಂದಲೇ ಜೂಮ್ ಮಾಡಿ ತೆಗೀರಿ. ಆಮೇಲೆ ಅವರು ಬರೋವರೆಗೂ ಯಾರಾದ್ರೂ ಒಬ್ರು ಹೆಣದ ಕಡೆಯಿಂದ ಬೀಸೋ ಗಾಳಿ ತಾಗದ ಹಾಗೆ ದೂರ ಕೂತ್ಕೊಂಡು ನಾಯಿ ಬರದ ಹಾಗೆ ನೋಡ್ಕೊಳ್ಳಿ.